ವೆಲ್ಲೂರು ಸಿಎಂಸಿಯ ಪುನರ್ವಸತಿ ಕೇಂದ್ರ: ಬೆನ್ನುಹುರಿಗೆ ಪೆಟ್ಟಾದವರ ಮನೆಯವರಿಗಾಗಿ

ನಮ್ಮ ಮೂಡಿಗೆರೆ ಕಡೆ ಯಾರಾದರೂ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರೆ ಅವರ ಮನೆಯವರು ನನಗೆ ಫೋನ್ ಮಾಡುತ್ತಾರೆ. "ಅಕ್ಕಾ, ವೆಲ್ಲೂರಿಗೆ ಕರ್ಕೊಂಡು ಹೋದ್ರೆ ನಡೀತಾರಾ?" ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದಿಡುತ್ತೇನೆ.

ನನ್ನ ತಮ್ಮ ಮೆಣಸು ಕೊಯ್ಯುವಾಗ ಸಿಲ್ವರ್ ಮರಕ್ಕಿಟ್ಟ ಏಣಿಯಿಂದ ಬಿದ್ದವನು. ಬೆನ್ನಿನ ಆಪರೇಷನ್ ಬೇರೊಂದು ಊರಿನ ಆಸ್ಪತ್ರೆಯಲ್ಲಾಯಿತು. ಡಿಸ್ಚಾರ್ಜ್ ಮಾಡುವಾಗ "ಆರು ತಿಂಗಳಲ್ಲಿ ಓಡಾಡ್ತಾನೆ, ಧೈರ್ಯವಾಗಿರಿ" ಎಂದು ಕಳಿಸಿಬಿಟ್ಟರು. ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು, ಮೂತ್ರದ ನಳಿಗೆಯನ್ನು ಹೇಗೆ ನೋಡಿಕೊಳ್ಳಬೇಕು, ಒಂದನ್ನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಬೆನ್ನ ಕೆಳಗೆ ಹುಣ್ಣಾಯಿತು. ನಮ್ಮ ಚರ್ಚಿನ ಸಭೆಯವರು ಬಂದು ತಲೆಯ ಮೇಲೆ ಕೈಯಿಟ್ಟು "ಎದ್ದು ನಡೀತೀಯ, ನಂಬು" ಎಂದು ಪ್ರಾರ್ಥಿಸಿ ಹೋದರು. ಪ್ರೀತಿಯಿಂದಲೇ ಹೇಳಿದ್ದು, ಅನುಮಾನವಿಲ್ಲ. ಆದರೆ ಅವನು ದಿನಾ ಬೆಳಗ್ಗೆ ಕಾಲ್ಬೆರಳು ನೋಡಿಕೊಳ್ಳುತ್ತಿದ್ದ, ಅದು ಅಲುಗದಿದ್ದರೆ ತನ್ನ ನಂಬಿಕೆಯೇ ಸಾಲದು ಎಂದುಕೊಳ್ಳುತ್ತಿದ್ದ. ಆ ಹುಣ್ಣಿಗಿಂತ ನನ್ನನ್ನು ಸುಟ್ಟದ್ದು ಇದು.

ಕೊನೆಗೆ ಅವನನ್ನು ವೆಲ್ಲೂರಿನ ಸಿಎಂಸಿಗೆ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ, ಕರೆದುಕೊಂಡು ಹೋದೆವು. ಅದರ ಪುನರ್ವಸತಿ ಕೇಂದ್ರ ಇರುವುದು ದೊಡ್ಡ ಆಸ್ಪತ್ರೆಯ ಆವರಣದಲ್ಲಲ್ಲ, ಊರಿನಿಂದ ತುಸು ಆಚೆ, ಬಾಗಾಯಂನಲ್ಲಿ. ಮೊದಲ ಪರೀಕ್ಷೆಗಳೆಲ್ಲ ಮುಗಿದ ಮೇಲೆ ನಮ್ಮ ಚಿಕ್ಕಪ್ಪ ಬಾಗಿಲ ಹತ್ತಿರ ಡಾಕ್ಟರಮ್ಮನನ್ನು ತಡೆದು, ಏನಿದ್ದರೂ ನಮಗೆ ಹೇಳಿ, ಅವನಿಗೆ ಮಾತ್ರ ಹೇಳಬೇಡಿ ಎಂದು ಬೇಡಿಕೊಂಡರು. ಆಕೆ ಸಿಟ್ಟಾಗಲಿಲ್ಲ. "ದೇಹ ಅವರದು, ಮೊದಲು ತಿಳಿಯಬೇಕಾದವರೂ ಅವರೇ" ಎಂದರು. ಸ್ಟೂಲ್ ಎಳೆದುಕೊಂಡು ಅವನ ಕಣ್ಣಿನ ಮಟ್ಟಕ್ಕೆ ಕೂತರು. ಕಾಲಿಗೆ ಶಕ್ತಿ ಮರಳುವ ಸಾಧ್ಯತೆ ತೀರಾ ಕಡಿಮೆ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಯಾರೂ ಹಿಡಿಯದೆ ಹೋಗುವುದನ್ನು ಕಲಿಸದೆ ನಿಮ್ಮನ್ನು ಮನೆಗೆ ಕಳಿಸುವುದಿಲ್ಲ ಅಂದರು. ಕೋಲಾರದ ಕಡೆಯ ನರ್ಸ್ ಒಬ್ಬರು ಪಕ್ಕದಲ್ಲಿ ನಿಂತು ಎಲ್ಲವನ್ನೂ ಕನ್ನಡದಲ್ಲಿ ಹೇಳಿದರು. ಅವತ್ತು ರಾತ್ರಿಯೆಲ್ಲ ಅವನು ಅತ್ತ. ಮಾರನೆಯ ದಿನದಿಂದ ಕಾಲ್ಬೆರಳು ನೋಡಿಕೊಳ್ಳುವುದನ್ನು ಬಿಟ್ಟ.

ಒಳ್ಳೆಯ ಮಾತಾಡಿ ಹೋಗಿಬಿಡುವುದು ಸುಲಭ. ಕಹಿ ಸತ್ಯ ಹೇಳಿ ಎದ್ದು ಹೋಗುವುದೂ ಅಷ್ಟೇ ಸುಲಭ. ಸತ್ಯವನ್ನೂ ಹೇಳಿ, ಆಮೇಲೆ ದಿನಾ ಬಂದು ಜೊತೆಗೆ ನಿಂತವರನ್ನು ನಾನು ಅಲ್ಲಿ ನೋಡಿದೆ. ಈ ಆಸ್ಪತ್ರೆಯ ಧ್ಯೇಯವಾಕ್ಯ ಮಾರ್ಕನ ಸುವಾರ್ತೆಯದು: ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಸೇವೆ ಮಾಡುವುದಕ್ಕೆ. ಚಿಕ್ಕಂದಿನಿಂದ ಭಾನುವಾರದ ಆರಾಧನೆಯಲ್ಲಿ ಕೇಳಿದ ವಚನವೇ. ಅದರ ತೂಕ ತಿಳಿದದ್ದು ಮಾತ್ರ ಫಿಸಿಯೋಥೆರಪಿಯ ಹುಡುಗ ನನ್ನ ತಮ್ಮನ ಮಲ ಬಳಿದು, ಮುಖ ಸಿಂಡರಿಸದೆ ಪಾಠ ಮುಂದುವರಿಸಿದಾಗ.

ಅಲ್ಲಿ ರೋಗಿಗೆ ಎಷ್ಟು ಪಾಠವೋ ಜೊತೆಗಿರುವವರಿಗೂ ಅಷ್ಟೇ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು. ವೀಲ್‌ಚೇರಿನಲ್ಲಿದ್ದರೆ ಕಾಲು ಗಂಟೆಗೊಮ್ಮೆ ಕೈಯೂರಿ ಮೈಯೆತ್ತುವುದು. ಬೆನ್ನ ಹಿಂದೆ ಚರ್ಮ ಕೆಂಪಾಗಿದೆಯೋ ಎಂದು ಕೈಗನ್ನಡಿಯಲ್ಲಿ ನೋಡಿಕೊಳ್ಳುವುದು. ಹೊತ್ತುಹೊತ್ತಿಗೆ ತಾನೇ ಕ್ಯಾಥೆಟರ್ ಹಾಕಿಕೊಂಡು ಮೂತ್ರ ತೆಗೆಯುವುದು. ಇದನ್ನೆಲ್ಲ ನಾಚಿಕೆಯಿಲ್ಲದೆ, ಅಡುಗೆ ಹೇಳಿಕೊಟ್ಟಷ್ಟು ಸಹಜವಾಗಿ ಹೇಳಿಕೊಡುತ್ತಾರೆ. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರನ್ನು ಕಾಲಿನ ಅಳತೆ ತೆಗೆದು ಅಲ್ಲೇ ಮಾಡಿಕೊಡುತ್ತಾರೆ.

ಈ ಕೇಂದ್ರಕ್ಕೆ ಡಾ. ಮೇರಿ ವರ್ಗೀಸ್ ಅವರ ಹೆಸರಿಟ್ಟಿದ್ದಾರೆ. ಸಿಎಂಸಿಯಲ್ಲೇ ಓದಿದ ವೈದ್ಯೆ. 1954ರಲ್ಲಿ ವಾಹನ ಅಪಘಾತವಾಗಿ ಸೊಂಟದ ಕೆಳಗಿನ ಸ್ವಾಧೀನ ಹೋಯಿತು. ಆಮೇಲೂ ವೀಲ್‌ಚೇರಿನಲ್ಲಿ ಕೂತೇ ಕುಷ್ಠರೋಗದಿಂದ ಮಡಚಿಕೊಂಡ ಕೈಗಳಿಗೆ ಆಪರೇಷನ್ ಮಾಡಿದರು. ಆಸ್ಟ್ರೇಲಿಯಾ, ನ್ಯೂಯಾರ್ಕ್‌ಗಳಲ್ಲಿ ತರಬೇತಿ ಪಡೆದು ವೆಲ್ಲೂರಿಗೇ ವಾಪಸಾಗಿ ಈ ವಿಭಾಗ ಕಟ್ಟಿದರು. 1966ರಲ್ಲಿ ಕೇಂದ್ರ ಶುರುವಾಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಕಥೆ ಕೇಳಿದ ದಿನ ನನ್ನ ತಮ್ಮ ಊಟವನ್ನು ತಾನೇ ಕೇಳಿ ಹಾಕಿಸಿಕೊಂಡ.

ವಾರ್ಡಿಗೆ ಬರುತ್ತಿದ್ದ ಒಬ್ಬ ಎಳೆಯ ಡಾಕ್ಟರು ಇನ್ನು ಒಡಿಶಾದ ಸಣ್ಣ ಮಿಷನ್ ಆಸ್ಪತ್ರೆಗೆ ಹೋಗುವವರಿದ್ದರು. ಸಭೆಗಳ ಪ್ರಾಯೋಜಕತ್ವದಲ್ಲಿ ಸಿಎಂಸಿಯಲ್ಲಿ ಸೀಟು ಪಡೆದವರು ಓದು ಮುಗಿದ ಮೇಲೆ ಎರಡು ವರ್ಷ ಅಂಥ ಕಡೆ ದುಡಿಯಬೇಕೆಂಬ ಒಪ್ಪಂದವಿದೆ. ನಗರದ ದೊಡ್ಡ ಸಂಬಳದ ಕೆಲಸ ಬಿಟ್ಟು ಹೋಗುವುದು ಕಷ್ಟವಲ್ಲವಾ ಎಂದು ಕೇಳಿದೆ. "ಹದಿನೆಂಟು ವರ್ಷಕ್ಕೆ ಮಾತು ಕೊಟ್ಟಿದ್ದೇನಲ್ಲ" ಎಂದರು, ಅಷ್ಟೇ. ನಮ್ಮ ಸಭೆಯ ಯುವಕರಿಗೆ ನಾನು ಈ ಮಾತನ್ನು ಪದೇ ಪದೇ ಹೇಳುತ್ತಿರುತ್ತೇನೆ.

ಊರಿಗೆ ಬಂದ ಮೇಲೆ ಸಭಾಪಾಲಕರು ಮನೆಗೆ ಬಂದಾಗ, ಯಾವ ವಿಷಯಕ್ಕೆ ಪ್ರಾರ್ಥಿಸಲಿ ಎಂದು ಅವನನ್ನೇ ಕೇಳಿದರು. ಅವನು ಮೆಟ್ಟಿಲು ಅಂದ. ದೇವಾಲಯದ ಬಾಗಿಲು ನೆಲದಿಂದ ಎರಡಡಿ ಎತ್ತರ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು ಎಂದು ವೆಲ್ಲೂರಿನಲ್ಲಿ ಕಲಿಸಿದ್ದರು. ಸಭೆಯ ಗಂಡಸರು ಸೇರಿ 24 ಅಡಿ ಇಳಿಜಾರು ಕಟ್ಟಿದರು, ಸಿಮೆಂಟು ಕಲಸಿದವರಲ್ಲಿ "ನಂಬು" ಎಂದಿದ್ದವರೂ ಇದ್ದರು. ಈಗ ಮಂಡಿನೋವಿನ ಅಜ್ಜಿಯರೂ ಅದರ ಮೇಲೆಯೇ ಬರುತ್ತಾರೆ.

ಹೋಗುವವರಿಗೆ ಕೆಲವು ಮಾತು. ರೈಲಿನಲ್ಲಾದರೆ ಕಾಟ್ಪಾಡಿಯಲ್ಲಿ ಇಳಿಯಬೇಕು. ಮಲಗಿಸಿಕೊಂಡು ಹೋಗುವುದಾದರೆ ವ್ಯಾನೇ ಸರಿ, ಕೋಲಾರ, ಮುಳಬಾಗಿಲು, ಚಿತ್ತೂರಿನ ದಾರಿ. ನಡುವೆ ನಿಲ್ಲಿಸಿ ಮಗ್ಗುಲು ಬದಲಿಸುತ್ತಾ ಹೋಗಿ. ಹಳೆಯ ಡಿಸ್ಚಾರ್ಜ್ ಪತ್ರ, ಎಂಆರ್‌ಐ ಫಿಲ್ಮು ತಪ್ಪದೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಮಲೆನಾಡಿನವರಿಗೆ ಅಲ್ಲಿನ ಸೆಕೆ ತಡೆಯುವುದು ಕಷ್ಟ, ತೆಳು ಹತ್ತಿಬಟ್ಟೆ ಒಯ್ಯಿರಿ. ದುಡ್ಡಿನ ತೊಂದರೆಯಿದ್ದರೆ ಮುಚ್ಚಿಡದೆ ಮೊದಲ ದಿನವೇ ಅಲ್ಲಿನ ಸಮಾಜ ಕಾರ್ಯಕರ್ತರಿಗೆ ಹೇಳಿ. ಮುಖ್ಯವಾಗಿ, ಕೊನೆಯವರೆಗೂ ಇರಬಲ್ಲ ಒಬ್ಬರು ಜೊತೆಗೆ ಹೊರಡಿ. ವಾರಕ್ಕೊಬ್ಬರು ಬದಲಾಗುತ್ತಾ ಹೋದರೆ ಅಲ್ಲಿ ಕಲಿತದ್ದು ಮನೆಯವರೆಗೆ ಬರುವುದಿಲ್ಲ.