ಕ್ರೂಸ್ ಹಡಗಿನಿಂದ ಇಳಿದು ‘ಜನ ಇಲ್ಲದ ಬೀಚ್’ ಹುಡುಕುವವರಿಗೆ

ಡಿಸೆಂಬರ್ ರಜೆಗೆ ಮಯಾಮಿಯಿಂದ ಕೆರಿಬಿಯನ್ ಕ್ರೂಸ್ ಬುಕ್ ಮಾಡಿದ್ದೀರಿ. ಹಡಗು ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಒಂದಾದ ಸೇಂಟ್ ಥಾಮಸ್‌ನಲ್ಲಿ ಒಂದು ದಿನ ನಿಲ್ಲುತ್ತೆ. ಮಕ್ಕಳಿಗೆ ಸ್ನಾರ್ಕೆಲಿಂಗ್ (ಮಾಸ್ಕು, ಉಸಿರಾಡೋ ಕೊಳವೆ ಹಾಕಿಕೊಂಡು ತೇಲ್ತಾ ನೀರೊಳಗಿನ ಮೀನು ನೋಡೋದು) ಮಾಡಿಸಬೇಕು, ಆದರೆ ಗಲಾಟೆ ಬೇಡ ಅಂತ ಮ್ಯಾಪ್ ತೆರೆದು ಕೂತಿದ್ದೀರಿ. ಹೌದಾ? ಹಾಗಿದ್ರೆ ಬುಕ್ಕಿಂಗ್ ಮುಗಿಸೋ ಮೊದಲು ಇದನ್ನ ಓದಿ. ಹೋದ ಡಿಸೆಂಬರಿನಲ್ಲಿ ನಾನೂ ಹೀಗೇ ಕೂತಿದ್ದೆ.

ನಾವು ಐದು ಜನ. ನಾನು, ಇವರು, ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ, ಜೊತೆಗೆ ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮತ್ತೆ. ಅತ್ತೆಗೆ ನೀರಿಗಿಳಿಯುವ ಆಸೆ ಏನೂ ಇರಲಿಲ್ಲ. “ನಂಗೊಂದು ನೆರಳು ತೋರಿಸಿ ಸಾಕು” ಅಂದಿದ್ದರು. ಆ ನೆರಳಿನ ಕಥೆ ಆಮೇಲೆ ಬರುತ್ತೆ.

ಸ್ನಾರ್ಕೆಲಿಂಗ್ ಅಂದ್ರೆ ಎಲ್ಲರೂ ಹೇಳೋದು ಕೋಕಿ ಬೀಚ್. ಕೋರಲ್ ವರ್ಲ್ಡ್ ಅನ್ನೋ ಕಡಲಜೀವಿಗಳ ಪಾರ್ಕಿನ ಪಕ್ಕದಲ್ಲೇ ಇದೆ. ದಡದ ಹತ್ತಿರವೇ ಮೀನು. ಆದರೆ ನಾಲ್ಕೈದು ಹಡಗು ಬಂದ ದಿನ ಅಲ್ಲಿ ಮೀನಿಗಿಂತ ಜನ ಜಾಸ್ತಿ. ನನಗೆ ಅದು ಬೇಡವಾಗಿತ್ತು. ಹುಡುಕ್ತಾ ಹುಡುಕ್ತಾ ಉತ್ತರ ದಡದಲ್ಲಿ ಒಂದು ಸಣ್ಣ ಕೊಲ್ಲಿಯ ಫೋಟೋ ಸಿಕ್ಕಿತು. ಗಾಜಿನಂಥ ನೀರು, ಒಬ್ಬ ನರಪಿಳ್ಳೆ ಇಲ್ಲ. ಅದು ಜೂನ್ ತಿಂಗಳ ಫೋಟೋ ಅನ್ನೋದನ್ನ ನಾನು ಗಮನಿಸಿದ್ದು ಮನೆಗೆ ವಾಪಸ್ ಬಂದ ಮೇಲೆ! ಆ ಬೀಚಿನ ಹೆಸರು ಬರೆಯಲ್ಲ. ತಪ್ಪು ಅದರದ್ದಲ್ಲ.

ಅಲ್ಲಿನ ಟ್ಯಾಕ್ಸಿಗೆ ಸಫಾರಿ ಅಂತಾರೆ. ಟ್ರಕ್ಕಿನ ಹಿಂದೆ ಸಾಲಾಗಿ ಬೆಂಚು ಹಾಕಿ, ಮೇಲೊಂದು ಸೂರು ಕಟ್ಟಿದ ಗಾಡಿ. ದರ ಗಾಡಿಗಲ್ಲ, ತಲೆಗಿಷ್ಟು ಅಂತ. ಅದನ್ನ ಸರ್ಕಾರವೇ ಗೊತ್ತು ಮಾಡಿದೆ. ಅಮೆರಿಕದ ನೆಲವಾದರೂ ಗಾಡಿ ಓಡೋದು ನಮ್ಮೂರಿನ ಹಾಗೆ ಎಡಗಡೆ. ಬೀಚಿನ ಹೆಸರು ಕೇಳಿದ ಕೂಡಲೇ ಡ್ರೈವರ್ ಹಿಂದೆ ತಿರುಗಿ, “ಇವತ್ತು ಉತ್ತರದ ಕಡೆಗಾ? ಮಕ್ಕಳನ್ನ ಕರ್ಕೊಂಡು?” ಅಂದ. ದಕ್ಷಿಣದ ಕಡೆ ಒಂದೆರಡು ಬೀಚಿನ ಹೆಸರನ್ನೂ ಹೇಳಿದ. ಇವನಿಗೆ ಅಲ್ಲಿ ಕಮಿಷನ್ ಇರಬೇಕು ಅಂತ ನಾವು ಕಣ್ಣಲ್ಲೇ ಮಾತಾಡಿಕೊಂಡೆವು. ಮೆಜೆಸ್ಟಿಕ್‌ನಲ್ಲಿ ಆಟೋ ಹತ್ತಿ ಬೆಳೆದವರು ನೋಡಿ, ಯಾರು ಒಳ್ಳೇ ಮಾತು ಹೇಳಿದರೂ ನಂಬಲ್ಲ.

ಹೋಗಿ ನೋಡಿದರೆ ನಿಜವಾಗಿಯೂ ಯಾರೂ ಇಲ್ಲ. ಆಕಾಶ ತಿಳಿಯಾಗಿತ್ತು, ಗಾಳಿಯೂ ಇಲ್ಲ. ಆದರೆ ನಿಮಿಷಕ್ಕೆ ನಾಲ್ಕೈದು ಸಲ ದಪ್ಪ ಅಲೆ ಎದ್ದು, ದಡದಲ್ಲೇ ದಬ್ ಅಂತ ಬೀಳುತ್ತಿತ್ತು. ನೀರು ಮರಳು ಕಲಸಿಕೊಂಡು ರಾಗಿ ಅಂಬಲಿ ಥರ ಇತ್ತು. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಎಲ್ಲೋ ಬಿರುಗಾಳಿ ಎದ್ದರೆ, ಅದರ ಅಲೆ ಕೆಲವು ದಿನ ಬಿಟ್ಟು ಈ ದ್ವೀಪಗಳ ಉತ್ತರ ದಡಕ್ಕೆ ಬಂದು ಬಡಿಯುತ್ತೆ. ಇಲ್ಲಿ ಮೋಡವೂ ಇರಲ್ಲ, ಗಾಳಿಯೂ ಇರಲ್ಲ, ಅಲೆ ಮಾತ್ರ ಇರುತ್ತೆ. ಅದೇ ಹೊತ್ತಿಗೆ ಗುಡ್ಡದ ಆಚೆ ದಕ್ಷಿಣದ ಕೊಲ್ಲಿಗಳು ಕೆರೆಯ ಹಾಗೆ ಸುಮ್ಮನಿರಬಹುದು. ಅಮೆರಿಕದ ಹವಾಮಾನ ಇಲಾಖೆಯ ಸಾನ್ ಹುವಾನ್ ಕಚೇರಿ ಈ ದ್ವೀಪಗಳ ಅಲೆ, ಸೆಳೆತದ ಮುನ್ಸೂಚನೆಯನ್ನ ದಿನಾ ಹಾಕುತ್ತೆ. ಬೆಳಗ್ಗೆ ಹಡಗಿನಲ್ಲಿ ಕಾಫಿ ಕುಡೀತಾ ಎರಡು ನಿಮಿಷ ನೋಡಿದ್ದರೆ ಸಾಕಿತ್ತು.

ಇಷ್ಟು ದೂರ ಬಂದಿದ್ದೇವೆ, ಮೊಣಕಾಲುದ್ದ ನೀರಿನಲ್ಲಾದರೂ ನಿಲ್ಲೋಣ ಅಂದೆವು. ಇವರ ಮಾಸ್ಕಿನೊಳಗೆ ಮೀಸೆಯ ಸಂದಿಯಿಂದ ನೀರು ನುಗ್ಗುತ್ತಿತ್ತು. ಇವರು ಅದನ್ನ ಸರಿ ಮಾಡಿಕೊಳ್ಳೋಕೆ ಒಂದು ಕ್ಷಣ ಮಗಳ ಕೈ ಬಿಟ್ಟರು. ಅಷ್ಟರಲ್ಲಿ ಅಲೆ ಬಂತು. ಬೀಳಿಸಿದ್ದು ಅಲೆ, ಎಳೆದುಕೊಂಡು ಹೋಗಿದ್ದು ವಾಪಸ್ ಹೋಗುವ ನೀರು. ಅವಳ ಹಳದಿ ಲೈಫ್ ಜಾಕೆಟ್ ಒಂದು ಸಲ ಕಂಡಿತು, ಆಮೇಲೆ ಬರೀ ನೊರೆ. ಇವರು ಬಿದ್ದು, ತೆವಳಿ, ಜಾಕೆಟ್ಟಿನ ಬೆಲ್ಟು ಹಿಡಿದು ಎಳೆದರು. ಎಲ್ಲಾ ಸೇರಿ ಹತ್ತು ಸೆಕೆಂಡು ಇರಬಹುದು. ಅವಳ ಮೊಣಕಾಲು ಎರಡೂ ಬಂಡೆಗೆ ಉಜ್ಜಿ ಸಿಪ್ಪೆ ಎದ್ದಿತ್ತು. ಕಿರುಚಿದರೆ ಕೇಳಿಸಿಕೊಳ್ಳೋಕೆ ಲೈಫ್‌ಗಾರ್ಡ್ ಇಲ್ಲ, ಪಕ್ಕದಲ್ಲಿ ಇನ್ನೊಂದು ಕುಟುಂಬ ಇಲ್ಲ. ನಾನು ಹುಡುಕಿದ್ದೇ ಅದನ್ನಲ್ಲವಾ.

ಅಷ್ಟಕ್ಕೇ ಮುಗಿದಿದ್ದರೆ ಈ ಬರಹ ಅರ್ಧ ಪುಟಕ್ಕೇ ನಿಲ್ಲುತ್ತಿತ್ತು. ಗುಡ್ಡದ ಮೇಲಿಂದ ಒಂದು ಹನಿಮಳೆ ಬಂತು. ದಡದಲ್ಲಿ ಹೊಳೆಯುವ ಹಸಿರು ಎಲೆಯ ಒಳ್ಳೇ ಮರ. ಓಡಿ ಹೋಗಿ ಅದರ ನೆರಳಿನಲ್ಲಿ ಕೂತಿದ್ದ ಅತ್ತೆಯ ಪಕ್ಕ ನಿಂತೆವು. ಎಲೆಯಿಂದ ತೊಟ್ಟಿಕ್ಕುವ ನೀರು ನನ್ನ ಕುತ್ತಿಗೆ ಮೇಲೆ ಬೀಳುತ್ತಿತ್ತು. ಮಗ ಕೆಳಗೆ ಬಿದ್ದಿದ್ದ ಒಂದು ಕಾಯಿ ಎತ್ತಿಕೊಂಡ. ನಿಂಬೆ ಹಣ್ಣಿನಷ್ಟು, ತಿಳಿ ಹಸಿರು, ಥೇಟ್ ಪುಟ್ಟ ಸೇಬು. ಜೊತೆಗೆ ಒಂದು ಎಲೆ ಕಿತ್ತಿದ್ದ. ಎಲೆಯ ತೊಟ್ಟಿನಲ್ಲಿ ಬಿಳಿ ಹಾಲು.

“ಬಿಸಾಕು ಅದನ್ನ! ಕಣ್ಣು ಮುಟ್ಕೋಬೇಡ ಮಗಾ!” ಅಂತ ಅತ್ತೆ ಕೂಗಿದ ದನಿ ನಾನು ಹತ್ತು ವರ್ಷದಲ್ಲಿ ಕೇಳಿರಲಿಲ್ಲ. ನಮ್ಮನ್ನೆಲ್ಲ ಮಳೆಗೆ ಎಳೆದರು. ಸೋಪು ಹಾಕಿ, ಕುಡಿಯುವ ನೀರಿನ ಬಾಟಲಿ ಖಾಲಿ ಮಾಡಿ ಅವನ ಕೈ ತೊಳೆದರು. “ಯಾವ ಮರ ಅಂತ ನಂಗೊತ್ತಿಲ್ಲ. ನಮ್ಮೂರಲ್ಲಿ ಮೈ ಸುಡೋ ಚೇರಿನ ಮರದ ಕೆಳಗೆ ಮಳೇಲಿ ನಿಲ್ಲಬಾರದು ಅಂತ ಗೊತ್ತು. ಹಾಲು ಬರೋದನ್ನೆಲ್ಲ ಮೊದಲು ಅನುಮಾನದಲ್ಲಿ ನೋಡ್ಬೇಕು” ಅಂದರು.

ಅದು ಮ್ಯಾಂಚಿನೀಲ್. ನಮ್ಮ ಕಳ್ಳಿಯ ಬಳಗದ್ದೇ ಮರ. ಅದರ ಕಾಯಿಗೆ ಸ್ಪ್ಯಾನಿಷ್‌ನಲ್ಲಿ ‘ಸಾವಿನ ಪುಟ್ಟ ಸೇಬು’ ಅಂತಲೇ ಹೆಸರು. ತಿಂದರೆ ಬಾಯಿ ಗಂಟಲು ಸುಟ್ಟು ಊದಿಕೊಳ್ಳುತ್ತೆ. ಹಾಲು ಚರ್ಮಕ್ಕೆ ತಾಗಿದರೆ ಬೊಬ್ಬೆ. ಮಳೆಯಲ್ಲಿ ಮರದಿಂದ ತೊಟ್ಟಿಕ್ಕುವ ನೀರೂ ಅಷ್ಟೇ. ಜನ ಬರುವ ಬೀಚುಗಳಲ್ಲಿ ಇಂಥ ಮರಕ್ಕೆ ಕೆಂಪು ಪಟ್ಟಿ ಬಳಿದೋ ಬೋರ್ಡು ಹಾಕಿಯೋ ಇರುತ್ತಾರಂತೆ. ನಮ್ಮ ಆ ಏಕಾಂತದ ಮರಕ್ಕೆ ಏನೂ ಇರಲಿಲ್ಲ. ಸಂಜೆಯೊಳಗೆ ನನ್ನ ಕುತ್ತಿಗೆ, ಭುಜ ಕೆಂಡ ಸುರಿದ ಹಾಗೆ ಉರಿದು ಗುಳ್ಳೆ ಎದ್ದಿತು. ಮಗನ ಬೆರಳಿನ ಸಂದಿಯಲ್ಲಿ ಎರಡು ಬೊಬ್ಬೆ. ಅತ್ತೆ ಇಲ್ಲದಿದ್ದರೆ ಅವನು ಅದನ್ನ ಕಚ್ಚುತ್ತಿದ್ದ, ಅನುಮಾನವೇ ಇಲ್ಲ. ಹಡಗಿನ ಡಾಕ್ಟರ್ ಬಿಲ್ಲು ಮುನ್ನೂರು ಡಾಲರ್ ದಾಟಿತು. ನಮ್ಮ ಇನ್ಶೂರೆನ್ಸ್ ಒಂದು ಪೈಸೆ ಕೊಡಲಿಲ್ಲ. ಹೊರಡೋ ಮುಂಚೆ ನಿಮ್ಮದು ಹಡಗಿನಲ್ಲಿ ನಡೆಯುತ್ತಾ ಅಂತ ಕೇಳಿಕೊಳ್ಳಿ.

ವಾಪಸ್ ಬರೋದು ಇನ್ನೊಂದು ಪಾಡು. ಬಿಟ್ಟುಹೋದ ಟ್ಯಾಕ್ಸಿ ಕಾಯಲ್ಲ. ರಸ್ತೆಯಲ್ಲಿ ಬೇರೆ ಒಂದು ಗಾಡಿಯೂ ಕಾಣಲಿಲ್ಲ. ಫೋನಿನಲ್ಲಿ ಗಂಟೆ ಎರಡು, ಹಡಗು ಹತ್ತೋಕೆ ನಾಲ್ಕೂವರೆ ತನಕ ಟೈಮ್ ಇದೆ ಅಂತ ಧೈರ್ಯವಾಗಿದ್ದೆವು. ರೋಮಿಂಗ್ ಬಿಲ್ ಬಂದೀತು ಅಂತ ಫೋನನ್ನ ಏರ್‌ಪ್ಲೇನ್ ಮೋಡಿನಲ್ಲಿ ಇಟ್ಟಿದ್ದೆವಲ್ಲ, ಅದು ಇನ್ನೂ ಮಯಾಮಿ ಟೈಮಿನಲ್ಲೇ ಇತ್ತು. ಚಳಿಗಾಲದಲ್ಲಿ ಈ ದ್ವೀಪ ಮಯಾಮಿಗಿಂತ ಒಂದು ಗಂಟೆ ಮುಂದೆ. ಹಿಂದಿನ ರಾತ್ರಿ ಹಡಗಿನಲ್ಲಿ ಹೇಳಿದ್ದರು, ನಾವು ಊಟದ ಗಲಾಟೆಯಲ್ಲಿ ಕೇಳಿಸಿಕೊಂಡಿರಲಿಲ್ಲ. ರಕ್ತ ಸೋರುವ ಮೊಣಕಾಲಿನ ಮಗಳನ್ನ ಎತ್ತಿಕೊಂಡು ಇವರು ಏರುದಾರಿ ನಡೆದರು. ಕೊನೆಗೆ ಮೇಲಿನ ಮನೆಯ ಒಬ್ಬ ಅಜ್ಜ ತನ್ನ ಪಿಕಪ್‌ನಲ್ಲಿ ಬಂದರಿನ ತನಕ ಬಿಟ್ಟ. ದುಡ್ಡು ತಗೊಳ್ಳಲಿಲ್ಲ.

ಸನ್‌ಸ್ಕ್ರೀನ್ ಬಗ್ಗೆಯೂ ಹೇಳಿಬಿಡ್ತೀನಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರುವ ಸನ್‌ಸ್ಕ್ರೀನ್ ಅಲ್ಲಿ 2020ರಿಂದ ನಿಷೇಧ. ಹವಳಕ್ಕೆ ಹಾನಿ ಅಂತ. ನಮ್ಮ ದೊಡ್ಡ ಬಾಟಲಿಯಲ್ಲಿ ಈ ಮೂರರಲ್ಲಿ ಎರಡು ಇತ್ತು, ಸುಮ್ನೆ ಹೊತ್ತುಕೊಂಡು ಬಂದಿದ್ದಾಯಿತು. ಜಿಂಕ್ ಆಕ್ಸೈಡ್‌ನದು ತಗೊಳ್ಳಿ, ಮಕ್ಕಳಿಗೆ ತುಂಬು ತೋಳಿನ ಈಜಂಗಿ ಹಾಕಿ.

ಹಾಗಾದ್ರೆ ಎಲ್ಲಿಗೆ ಹೋಗೋದು ಅಂತೀರಾ? ಪಕ್ಕದ ಸೇಂಟ್ ಜಾನ್ ದ್ವೀಪದ ಟ್ರಂಕ್ ಬೇ ಚೆನ್ನಾಗಿದೆ, ನೀರಿನೊಳಗೇ ಫಲಕ ನೆಟ್ಟ ಸ್ನಾರ್ಕೆಲ್ ದಾರಿ ಇದೆ. ಆದರೆ ಅದೂ ಉತ್ತರ ದಡ. ಜೊತೆಗೆ ಸೇಂಟ್ ಥಾಮಸ್‌ನ ರೆಡ್ ಹುಕ್‌ನಿಂದ ಫೆರಿ ಹಿಡಿಯಬೇಕು, ಹಡಗಿನ ಟೈಮ್ ನೋಡಿಕೊಂಡು ಹೋಗಿ. ಸೇಂಟ್ ಥಾಮಸ್‌ನಲ್ಲೇ ಇರುವ ಮೇಗನ್ಸ್ ಬೇನಲ್ಲಿ ಲೈಫ್‌ಗಾರ್ಡ್ ಇದ್ದಾರೆ, ಆದರೆ ಬರೀ ಮರಳು, ಮೀನು ಕಮ್ಮಿ.

ಆ ರಾತ್ರಿ ಊಟಕ್ಕೆ ನಮ್ಮ ಟೇಬಲ್ಲಿನಲ್ಲಿ ಒಂದು ತಮಿಳು ಕುಟುಂಬ ಕೂತಿತ್ತು. ಅವರು ಹೋಗಿದ್ದು ಬ್ರೂವರ್ಸ್ ಬೇಗೆ. ದಕ್ಷಿಣದ ಕಡೆ, ವಿಮಾನ ನಿಲ್ದಾಣದ ರನ್‌ವೇ ಪಕ್ಕದಲ್ಲೇ ಇರುವ ಬೀಚ್ ಅದು. ಅದಕ್ಕೇ ನಾನು ಮ್ಯಾಪಿನಲ್ಲಿ ನೋಡಿದ ಕೂಡಲೇ ‘ಛೆ, ಸದ್ದು’ ಅಂತ ಬಿಟ್ಟಿದ್ದೆ. ನೀರು ಅಲ್ಲಾಡುತ್ತಲೇ ಇರಲಿಲ್ಲವಂತೆ. ತಲೆ ಮೇಲೆ ವಿಮಾನ ಗುಡುಗಿದರೂ ಕಡಲಾಮೆಗಳು ಕತ್ತೆತ್ತದೆ ನೀರಡಿಯ ಹುಲ್ಲು ಮೇಯ್ತಾ ಇದ್ದವಂತೆ. ಅವರ ಮಗಳು ಟಿಶ್ಯೂ ಪೇಪರಿನ ಮೇಲೆ ಗೀಟು ಹಾಕಿ ಲೆಕ್ಕ ಇಟ್ಟಿದ್ದಳು: ಆಮೆ ನಾಲ್ಕು, ವಿಮಾನ ಆರು. ನನ್ನ ಮಗ ಬ್ಯಾಂಡೇಜ್ ಕಟ್ಟಿದ ಕೈಯಲ್ಲಿ ಆ ಪೇಪರ್ ಎಳೆದುಕೊಂಡು, ಕೆಳಗೆ ಒಂದು ಸೇಬು ಬರೆದ.