ಡಿಸಿ ಕಾಮಿಕ್ಸ್‌ನ ಎರಡು ಹಬ್ಬದ ಸಂಚಿಕೆಗಳು: ಕ್ರಿಸ್‌ಮಸ್ ವಿತ್ ದ ಸೂಪರ್ ಹೀರೋಸ್

ನಮ್ಮ ಪತ್ರಿಕೆಗಳಿಗೆ ದೀಪಾವಳಿ ವಿಶೇಷಾಂಕ ಹೇಗೋ, ಅಮೆರಿಕದ ಕಾಮಿಕ್ಸ್ ಪ್ರಕಾಶಕರಿಗೆ ಕ್ರಿಸ್‌ಮಸ್ ಸಂಚಿಕೆ ಹಾಗೆ. ತಿಂಗಳುಗಟ್ಟಲೆ ಎಳೆದುಕೊಂಡು ಹೋಗುವ ಕಥಾಸರಣಿಗಳನ್ನು ಬದಿಗಿಟ್ಟು, ಒಂದೇ ಕೂತಲ್ಲಿ ಓದಿ ಮುಗಿಸಬಹುದಾದ ಬಿಡಿ ಕಥೆಗಳನ್ನು ಅಲ್ಲಿ ಒಟ್ಟುಗೂಡಿಸುತ್ತಾರೆ. ಇಂಥ ಸಂಚಿಕೆಗಳ ಪೈಕಿ ಡಿಸಿ ಸಂಸ್ಥೆ 1988 ಮತ್ತು 1989ರಲ್ಲಿ ಪ್ರಕಟಿಸಿದ ‘ಕ್ರಿಸ್‌ಮಸ್ ವಿತ್ ದ ಸೂಪರ್ ಹೀರೋಸ್’ ಎಂಬ ಎರಡು ಸಂಚಿಕೆಗಳು ಇಂದಿಗೂ ಓದಿಸಿಕೊಳ್ಳುತ್ತವೆ. ಎರಡರ ಸಂಪಾದಕರೂ ಮಾರ್ಕ್ ವೇಡ್. ಮೊದಲನೆಯದು ಹಳೆಯ ಕಥೆಗಳ ಮರುಮುದ್ರಣವಾದರೆ, ಎರಡನೆಯದು ಹೊಸದಾಗಿ ಬರೆಸಿದ ಕಥೆಗಳ ಸಂಕಲನ.

ಗುಡ್ಡವನ್ನೇ ಎತ್ತಬಲ್ಲ ನಾಯಕನಿಗೆ ಹಬ್ಬದ ರಾತ್ರಿ ಏನು ಕೆಲಸ ಕೊಡುವುದು ಎಂಬುದೇ ಈ ಬಗೆಯ ಕಥೆಗಾರನಿಗೆ ಎದುರಾಗುವ ಮುಖ್ಯ ತೊಡಕು. ಎಂದಿನಂತೆ ಖಳನನ್ನು ತಂದು ನಿಲ್ಲಿಸಿ ಹೊಡೆದಾಟಕ್ಕಿಳಿಸಿದರೆ ಸಾಂಟಾ ಕ್ಲಾಸ್‌ನ ಟೋಪಿ, ಹಿಮ, ದೀಪದ ಮರ ಎಲ್ಲವೂ ಬರಿಯ ರಂಗಸಜ್ಜಿಕೆಯಾಗಿ ಉಳಿದುಬಿಡುತ್ತವೆ. ಈ ಸಂಚಿಕೆಗಳಲ್ಲಿ ಸೋತ ಕಥೆಗಳು ಸೋತಿರುವುದು ಅಲ್ಲಿಯೇ. ಗೆದ್ದ ಕಥೆಗಳಲ್ಲಿ ನಾಯಕ ತನ್ನ ಶಕ್ತಿಯನ್ನು ಬಳಸುವುದೇ ಇಲ್ಲ, ಅಥವಾ ಬಳಸಿದರೂ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಮೊದಲ ಸಂಚಿಕೆಯಲ್ಲಿರುವ ‘ದ ಸೈಲೆಂಟ್ ನೈಟ್ ಆಫ್ ದ ಬ್ಯಾಟ್‌ಮನ್’ ಇದಕ್ಕೆ ಒಳ್ಳೆಯ ಉದಾಹರಣೆ. ಮೈಕ್ ಫ್ರೀಡ್ರಿಕ್ ಬರೆದು, ನೀಲ್ ಆಡಮ್ಸ್ ಚಿತ್ರಿಸಿ, ಡಿಕ್ ಜಿಯೋರ್ಡಾನೊ ಪೆನ್ಸಿಲ್ ಗೆರೆಗಳ ಮೇಲೆ ಮಸಿ ತಿದ್ದಿದ ಈ ಚಿಕ್ಕ ಕಥೆ ಮೊದಲು ಬಂದದ್ದು 1970ರ ಬ್ಯಾಟ್‌ಮನ್ 219ನೆಯ ಸಂಚಿಕೆಯಲ್ಲಿ. ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ಕಮಿಷನರ್ ಗಾರ್ಡನ್ ಬ್ಯಾಟ್‌ಮನ್‌ನನ್ನು ಠಾಣೆಗೆ ಕರೆದು, ಇಂದು ಊರಿನಲ್ಲಿ ಅಪರಾಧವೇನೂ ನಡೆಯದು, ನಮ್ಮ ಜೊತೆ ನಿಂತು ಹಾಡು ಎನ್ನುತ್ತಾರೆ. ಅವನು ನಂಬಲಾರದೆ ನಂಬಿ ಪೊಲೀಸರ ನಡುವೆ ಹಾಡಲು ನಿಲ್ಲುತ್ತಾನೆ. ಅತ್ತ ಗಾಥಮ್ ನಗರದಲ್ಲಿ ದಾರಿಹೋಕರ ಕೈಯಿಂದ ಪೊಟ್ಟಣ ಕಸಿದು ಓಡಿದ ಹುಡುಗ ಅದನ್ನು ಬಿಚ್ಚಿ ನೋಡಿ, ಮನಸ್ಸು ಬದಲಿಸಿ ಹಿಂದಿರುಗಿಸುತ್ತಾನೆ; ಬದುಕಿನ ಆಸೆ ಬಿಟ್ಟು ಸೇತುವೆಯ ಬಳಿ ನಿಂತ ಹೆಂಗಸೊಬ್ಬಳು ಮನೆಯ ದಾರಿ ಹಿಡಿಯುತ್ತಾಳೆ. ಈ ದೃಶ್ಯಗಳಲ್ಲಿ ಮಾತು ತೀರ ಕಡಿಮೆ, ಚೌಕಟ್ಟುಗಳ ಮೇಲೆ ಠಾಣೆಯ ಹಾಡಿನ ಸಾಲುಗಳು ಹರಿಯುತ್ತವೆ. ಆಡಮ್ಸ್ ಕಿವಿ ಚೂಪಾದ ಆ ಕಪ್ಪು ಮುಸುಕನ್ನು ಕಿಂಚಿತ್ತೂ ಸಡಿಲಿಸದೆ ಅದರೊಳಗಿಂದ ಹಾಡುತ್ತಿರುವ ಬಾಯನ್ನು ಬಿಡಿಸಿರುವ ರೀತಿಯಲ್ಲಿ ನಗೆಯೂ ಇದೆ, ಘನತೆಯೂ ಇದೆ. ಬೇರೆ ಯಾರೇ ಬಿಡಿಸಿದ್ದರೂ ಅದು ಅಣಕವಾಗಿ ಬಿಡುವ ಅಪಾಯವಿತ್ತು.

ಇದೇ ಸಂಚಿಕೆಯ ‘ವಾಂಟೆಡ್: ಸಾಂಟಾ ಕ್ಲಾಸ್, ಡೆಡ್ ಆರ್ ಅಲೈವ್’ ಕಥೆಗೆ ಐತಿಹಾಸಿಕ ಮಹತ್ವವಿದೆ. 1980ರಲ್ಲಿ ಡೆನ್ನಿ ಓನೀಲ್ ಬರೆದ ಇದು ಫ್ರ್ಯಾಂಕ್ ಮಿಲ್ಲರ್ ಚಿತ್ರಿಸಿದ ಮೊದಲ ಬ್ಯಾಟ್‌ಮನ್ ಕಥೆ. ಜೈಲಿನಿಂದ ಬಂದು ದೊಡ್ಡ ಅಂಗಡಿಯೊಂದರಲ್ಲಿ ಸಾಂಟಾ ವೇಷ ಹಾಕಿ ದುಡಿಯುತ್ತಿರುವವನನ್ನು ಹಳೆಯ ಸಹಚರರು ಮತ್ತೆ ಕಳ್ಳತನಕ್ಕೆ ಎಳೆಯುತ್ತಾರೆ. ಕೊನೆಗೆ ಬ್ಯಾಟ್‌ಮನ್‌ಗೆ ದಾರಿ ತೋರುವುದು ಆಕಾಶದ ಒಂದು ನಕ್ಷತ್ರ. ಪತ್ತೇದಾರನ ಬುದ್ಧಿಗೆ ಅಲ್ಲಿ ಕೆಲಸವಿಲ್ಲ. ಮುಂದೆ ಮಿಲ್ಲರ್ ಕೈಯಲ್ಲಿ ಈ ಪಾತ್ರ ಎಷ್ಟು ಕಠೋರವಾಯಿತೆಂಬುದನ್ನು ಬಲ್ಲವರಿಗೆ ಇಲ್ಲಿನ ಮೃದುತ್ವ ಅಚ್ಚರಿ ತಂದೀತು.

ಉಳಿದ ಕಥೆಗಳಲ್ಲಿ ಏರಿಳಿತವಿದೆ. ಡಿಕನ್ಸ್‌ನ ಪ್ರಸಿದ್ಧ ಕಥೆ ‘ಎ ಕ್ರಿಸ್‌ಮಸ್ ಕ್ಯಾರೊಲ್’ ಅನ್ನು ಹಳೇ ಗುಜರಿ ಅಂಗಡಿಗೆ ಸಾಗಿಸಿ, ಅದರ ಜಿಪುಣ ಸ್ಕ್ರೂಜ್‌ಗೆ ಎಬೆನೀಜರ್ ಸ್ಕ್ರೌಂಜ್ ಎಂಬ ಹೆಸರಿಟ್ಟ 1968ರ ಟೀನ್ ಟೈಟನ್ಸ್ (ಹದಿಹರೆಯದ ನಾಯಕರ ತಂಡ) ಕಥೆಯಲ್ಲಿ ನಿಕ್ ಕಾರ್ಡಿಯವರ ಚಿತ್ರಗಳು ಸೊಗಸಾಗಿವೆ. ಆದರೆ ಅಂದಿನ ಯುವಕರ ಆಡುನುಡಿಯನ್ನು ಬಾಬ್ ಹೇನಿ ಊಹಿಸಿಕೊಂಡು ಬರೆದ ಸಂಭಾಷಣೆ ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕಾಡುತ್ತದೆ. ಡಿಸಿಯ ಪ್ರಮುಖ ನಾಯಕರ ಕೂಟವಾದ ಜಸ್ಟಿಸ್ ಲೀಗ್‌ನ 1974ರ ಕಥೆಯಲ್ಲಿ ಬ್ರಹ್ಮಾಂಡವನ್ನೇ ಕಾಯುವ ಗ್ರೀನ್ ಲ್ಯಾಂಟರ್ನ್ ಹ್ಯಾಲ್ ಜೋರ್ಡನ್ ಸಾಬೂನಿನ ಮೇಲೆ ಕಾಲಿಟ್ಟು ಜಾರಿ ಬಿದ್ದು ಪ್ರಜ್ಞೆ ತಪ್ಪುತ್ತಾನೆ, ಅವನ ಬದಲಿಗೆ ಇನ್ನೊಬ್ಬ ಗ್ರೀನ್ ಲ್ಯಾಂಟರ್ನ್ ಜಾನ್ ಸ್ಟೂವರ್ಟ್ ಹೋಗಬೇಕಾಗುತ್ತದೆ. ಆ ಒಂದು ಗಳಿಗೆಗಾಗಿಯಾದರೂ ಕಥೆಯನ್ನು ಕ್ಷಮಿಸಬಹುದು.

ಎರಡನೆಯ ಸಂಚಿಕೆಯಲ್ಲಿ ಪಾಲ್ ಚಾಡ್ವಿಕ್‌ರ ಸೂಪರ್‌ಮನ್, ಎರಿಕ್ ಶಾನೋವರ್‌ರ ವಂಡರ್ ವುಮನ್, ಜಾನ್ ಬರ್ನ್ ಮತ್ತು ಆಂಡಿ ಕ್ಯೂಬರ್ಟ್ ಜೊತೆಗೂಡಿ ಮಾಡಿದ ಎನಿಮಿ ಏಸ್ (ಮೊದಲ ಮಹಾಯುದ್ಧದ ಜರ್ಮನ್ ವಿಮಾನ ಯೋಧ) ಕಥೆಗಳೆಲ್ಲ ಇವೆ. ಆದರೆ ಸಂಚಿಕೆಗೆ ಕೀರ್ತಿ ತಂದದ್ದು ಆಲನ್ ಬ್ರೆನರ್ಟ್ ಬರೆದ ‘ಶುಡ್ ಓಲ್ಡ್ ಅಕ್ವೇಂಟೆನ್ಸ್ ಬಿ ಫರ್ಗಾಟ್’. ಇದರ ನಾಯಕ ಡೆಡ್‌ಮನ್, ಅಂದರೆ ಸರ್ಕಸ್ ಜೋಕಾಲಿಯಲ್ಲಿ ಆಡುತ್ತಿರುವಾಗಲೇ ಗುಂಡೇಟಿಗೆ ಬಲಿಯಾದ ಬಾಸ್ಟನ್ ಬ್ರ್ಯಾಂಡ್‌ನ ಪ್ರೇತ. ಬದುಕಿರುವವರ ದೇಹ ಹೊಕ್ಕು ನಡೆಸುವ ಶಕ್ತಿಯನ್ನು ಅವನಿಗೆ ಕೊಟ್ಟವಳು ರಾಮಾ ಕುಷ್ನಾ ಎಂಬ ದೇವತೆ. (1967ರ ಅಮೆರಿಕದಲ್ಲಿ ಪೂರ್ವದೇಶದ ದೈವ ಬೇಕೆನಿಸಿದಾಗ ಕಥೆಗಾರರಿಗೆ ಹೀಗೊಂದು ಹೆಸರು ಹೊಳೆದಿರುವುದನ್ನು ಕಂಡು ನಮ್ಮವರು ಮುಗುಳ್ನಗದೆ ಇರಲಾರರು.) ಹಬ್ಬದ ರಾತ್ರಿ ಯಾರದೋ ದೇಹ ಹೊಕ್ಕು ಅವರ ಸಂತೋಷದ ರುಚಿ ನೋಡುವ ಡೆಡ್‌ಮನ್, ತಾನು ಕದಿಯುತ್ತಿರುವುದು ಬೇರೆಯವರ ಹಬ್ಬವನ್ನು ಎಂದು ಅರಿವಾಗಿ ಹೊರಬರುತ್ತಾನೆ. ಇಷ್ಟೆಲ್ಲ ಉಪಕಾರ ಮಾಡಿದರೂ ತನಗೆ ಕೃತಜ್ಞತೆಯ ಒಂದು ಮಾತೂ ಇಲ್ಲವೆಂದು ಅವನು ಹಲುಬುತ್ತಿರುವಾಗ, ಯಾರಿಗೂ ಕಾಣದ ಅವನನ್ನು ಕಾಣಬಲ್ಲ ಹೊಂಗೂದಲಿನ ಯುವತಿಯೊಬ್ಬಳು ಬಂದು ಮಾತಿಗೆ ನಿಲ್ಲುತ್ತಾಳೆ. ಯಾರು ನೆನೆಯಲಿ ಬಿಡಲಿ, ಮಾಡಬೇಕಾದ ಕೆಲಸವೆಂದು ಮಾಡುವುದಷ್ಟೇ ಎಂಬುದು ಅವಳ ಮಾತಿನ ತಾತ್ಪರ್ಯ. ಹೊರಡುವಾಗ ಅವಳು ಹೇಳುವ ಹೆಸರು ಕಾರಾ.

ಹಿನ್ನೆಲೆ ತಿಳಿಯದವರಿಗೆ ಇದು ಸಾಧಾರಣ ಮುಕ್ತಾಯವೆನಿಸಬಹುದು. 1959ರಲ್ಲಿ ಕಾಣಿಸಿಕೊಂಡ, ಸೂಪರ್‌ಮನ್‌ನ ಸೋದರಸಂಬಂಧಿಯೂ ಅವನಂತೆಯೇ ಕ್ರಿಪ್ಟಾನ್ ಗ್ರಹದವಳೂ ಆದ ಸೂಪರ್‌ಗರ್ಲ್ ಕಾರಾಳನ್ನು, ಡಿಸಿ ತನ್ನ ಕಥಾಜಗತ್ತನ್ನೇ ಮರುರೂಪಿಸಿದ 1985ರ ‘ಕ್ರೈಸಿಸ್’ ಸರಣಿಯ ಏಳನೆಯ ಸಂಚಿಕೆಯಲ್ಲಿ ಕೊಂದಿತು. ಆಮೇಲೆ ಸೂಪರ್‌ಮನ್ ಕಥೆಯನ್ನು ಹೊಸದಾಗಿ ಆರಂಭಿಸಿ, ಕ್ರಿಪ್ಟಾನ್ ಗ್ರಹದಿಂದ ಬದುಕುಳಿದವನು ಅವನೊಬ್ಬನೇ ಎಂದು ವಿಧಿಸಿದ್ದರಿಂದ, ಜಗತ್ತನ್ನು ಉಳಿಸಲು ಪ್ರಾಣ ಕೊಟ್ಟವಳು ಹುಟ್ಟಿಯೇ ಇರಲಿಲ್ಲವೆಂದಾಯಿತು. ಅಂಥವಳ ಬಾಯಿಂದಲೇ ನೆನಪಿನ ಹಂಗು ಬೇಡವೆನ್ನಿಸಿದ್ದು ಬ್ರೆನರ್ಟ್‌ರ ಜಾಣ್ಮೆ. ಚಿತ್ರ ಬಿಡಿಸಿದವರು ಅದೇ ಜಿಯೋರ್ಡಾನೊ. ಅವಳನ್ನು ಅಳಿಸಿಹಾಕಿದ ಕಾಲದಲ್ಲೂ ಡಿಸಿಯ ಕಾರ್ಯನಿರ್ವಾಹಕ ಸಂಪಾದಕರ ಕುರ್ಚಿಯಲ್ಲಿದ್ದವರು ಅವರೇ. ಬಿಗಿಯುಡುಪು, ಕೆಂಪು ಮೇಲಂಗಿ ಯಾವುದನ್ನೂ ಅವಳಿಗೆ ತೊಡಿಸದೆ, ಬೀದಿಯಲ್ಲಿ ಎದುರಾಗುವ ಯಾವಳೋ ಒಬ್ಬಳಂತೆ ಅವಳನ್ನು ಚಿತ್ರಿಸಿರುವುದರಿಂದ ಆ ಹೆಸರು ಓದುಗನಿಗೆ ನಾಟುತ್ತದೆ.

ಸಂಕಲನದ ದೊಡ್ಡ ಕೊರತೆಯೂ ಇದೇ ಕಥೆಯಿಂದ ಗೊತ್ತಾಗುತ್ತದೆ. ಹೊಸಬರಿಗಾಗಿ ನಾಲ್ಕು ಸಾಲಿನ ಪರಿಚಯವನ್ನಾದರೂ ಕೊಟ್ಟಿದ್ದರೆ ಈ ಕಥೆ ಇನ್ನಷ್ಟು ಜನಕ್ಕೆ ದಕ್ಕುತ್ತಿತ್ತು. ಎರಡರಲ್ಲಿ ಒಂದನ್ನಷ್ಟೇ ಕೊಳ್ಳುವವರು, ಕ್ರೈಸಿಸ್ ಓದಿದ್ದರೆ ಎರಡನೆಯದನ್ನು, ಇಲ್ಲವಾದರೆ ಮೊದಲನೆಯದನ್ನು ಆರಿಸಿಕೊಳ್ಳಲಿ. ಮಕ್ಕಳ ಕೈಗೆ ಕೊಡುವವರು ಒಮ್ಮೆ ತಾವೇ ಓದಿ ನೋಡುವುದು ಲೇಸು: ಮೊದಲ ಸಂಚಿಕೆಯ ಸೇತುವೆಯ ದೃಶ್ಯದಂತೆಯೇ ಎರಡನೆಯದರ ಸೂಪರ್‌ಮನ್ ಕಥೆಯಲ್ಲೂ ಆತ್ಮಹತ್ಯೆಯ ಅಂಚಿಗೆ ಬಂದ ವ್ಯಕ್ತಿಯೊಬ್ಬನಿದ್ದಾನೆ, ಮತ್ತು ಚಾಡ್ವಿಕ್ ಅದನ್ನು ದೊಡ್ಡವರಿಗೆ ಹೇಳುವ ಧಾಟಿಯಲ್ಲಿಯೇ ಹೇಳಿದ್ದಾರೆ.