ಬಿಎಫ್‌ಸಿಯ ಹಳೆಯ ಪಂದ್ಯ: 2015ರದ್ದು ನೋಡಬೇಕೋ, 2018ರದ್ದೋ?

ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡವನ್ನು ಈಗಷ್ಟೇ ಹಚ್ಚಿಕೊಂಡವರು ಕೈತಪ್ಪಿದ ಕಪ್‌ಗಳಿಂದಲೇ ಶುರುಮಾಡಲಿ. ಎರಡು ಕಪ್ ತವರಿನ ಕಂಠೀರವ ಕ್ರೀಡಾಂಗಣದಲ್ಲೇ ಜಾರಿದವು.

2015ರ ಮೇ 31. ಮೋಹನ್ ಬಾಗನ್ ವಿರುದ್ಧ ಗೆದ್ದರೆ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ನಮ್ಮದು, ಡ್ರಾ ಆದರೆ ಅವರದು. ಜಾನ್ ಜಾನ್ಸನ್ ತಂದ ಮುನ್ನಡೆ 87ನೇ ನಿಮಿಷದವರೆಗೂ ಉಳಿದಿತ್ತು. ಆಗ ಬಂದ ಕಾರ್ನರ್‌ಗೆ ಬೆಲ್ಲೊ ರಜಾಕ್ ತಲೆಕೊಟ್ಟರು, 1–1. ಇಂದಿಗೂ ಹೊಟ್ಟೆ ಉರಿಯುತ್ತದೆ.

2018ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಸುನಿಲ್ ಛೆಟ್ರಿ 9ನೇ ನಿಮಿಷಕ್ಕೇ ಗೋಲು ಹೊಡೆದರು. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಲ್ಲೇ ಎರಡು ಹೆಡರ್ ಗೋಲು ಹಾಕಿದರು; ಕೊನೆಗೆ 2–3ರಿಂದ ಸೋತೆವು.

ಸಂಕಟ 2015ರದ್ದು ದೊಡ್ಡದು. ಆದರೂ ನನ್ನ ಆಯ್ಕೆ 2018. ಅದರ ಬೆನ್ನಿಗೇ 2019ರ ಫೈನಲ್ ನೋಡಿ: ಗೋವಾ ವಿರುದ್ಧ 117ನೇ ನಿಮಿಷದಲ್ಲಿ ನಮ್ಮ ರಾಹುಲ್ ಭೆಕೆ ಹೆಡರ್, ಕಪ್ ನಮ್ಮದು, ಅದೂ ಕಾರ್ನರ್‌ನಿಂದಲೇ!